ಅಕ್ಕನ ಅಂಕಿ-ಅಂಶ, ಅಮ್ಮನ ಎಂಟು ಲೋಟ ಕಾಫಿ

"ಲೋ, ನಿನಗೆ ಸ್ಟಾಟಿಸ್ಟಿಕ್ಸ್ ಬರುತ್ತೇನೋ?"

ಒಂದು ರಾತ್ರಿ ಹತ್ತೂವರೆಗೆ ಹಾಸನದಿಂದ ಅಕ್ಕ ಫೋನ್ ಮಾಡಿ ಕೇಳಿದ ಮೊದಲ ಮಾತು ಇದು. ಊಟ ಆಯ್ತಾ ಅಂತ ಕೂಡ ಕೇಳಲಿಲ್ಲ. ನಾನು ಬೆಂಗಳೂರಿನ ರೂಮಿನಲ್ಲಿ ಕೂತು ಆಫೀಸಿನ ಕೋಡ್ ನೋಡುತ್ತಿದ್ದೆ. ಎಂಜಿನಿಯರಿಂಗ್‌ನಲ್ಲಿ ಎಂ-4 ಪಾಸ್ ಮಾಡಿದವನು, ದಿನಾ ಬೆಳಗಾದರೆ ಡೇಟಾ ಜೊತೆಗೇ ಬದುಕುವವನು. "ಅದರಲ್ಲೇನಿದೆ ಅಕ್ಕ, ಎರಡು ವಾರದಲ್ಲಿ ಹೇಳಿಕೊಡ್ತೀನಿ" ಅಂದುಬಿಟ್ಟೆ.

ಎರಡು ವಾರ ಹೋಗಿ ಎಂಟು ತಿಂಗಳಾಯಿತು. ಆ ಎಂಟು ತಿಂಗಳಲ್ಲಿ ಯಾರು ಯಾರಿಗೆ ಹೇಳಿಕೊಟ್ಟರು ಅನ್ನೋದು ಈ ಲೇಖನ ಓದಿ ಮುಗಿಸುವಾಗ ನಿಮಗೇ ಗೊತ್ತಾಗುತ್ತದೆ.

ಅಕ್ಕನಿಗೆ ಈಗ 37. ಬಿಎಯಲ್ಲಿ ಮನಶ್ಶಾಸ್ತ್ರ ಓದಿದ್ದಳು. ಮುಂದೆ ಓದಬೇಕು ಅಂತಿದ್ದಾಗಲೇ ಮದುವೆ ಆಯಿತು, ಎರಡು ಮಕ್ಕಳಾದವು, ಅತ್ತೆಯವರ ಕಾಯಿಲೆ, ಮನೆ ಸಾಲ. ಹದಿನಾಲ್ಕು ವರ್ಷದ ಮೇಲೆ, ಚೀಟಿ ಎತ್ತಿದ ದುಡ್ಡಿನಲ್ಲಿ ಫೀಸು ಕಟ್ಟಿ ಎಂಎಸ್ಸಿ ಮನಶ್ಶಾಸ್ತ್ರಕ್ಕೆ ಸೇರಿದಳು. ಕೋರ್ಸ್ ಮುಗಿದರೆ ಜೂನ್‌ನಿಂದ ಆಪ್ತಸಮಾಲೋಚಕಿಯಾಗಿ ಬನ್ನಿ ಅಂತ ಒಂದು ಶಾಲೆಯವರು ಹೇಳಿದ್ದರು. ಮೊದಲ ವರ್ಷ ಚೆನ್ನಾಗಿಯೇ ಆಯಿತು. ಎರಡನೇ ವರ್ಷ ಡಿಸರ್ಟೇಷನ್ ಬಂತು. ಜೊತೆಗೆ ಟಿ-ಟೆಸ್ಟ್, ಅನೋವಾ, ಪಿ-ವ್ಯಾಲ್ಯೂ ಎಲ್ಲ ಬಂದವು.

"ಮನಸ್ಸಿನ ಬಗ್ಗೆ ಓದೋಣ ಅಂತ ಬಂದರೆ ಇಲ್ಲಿ ಲೆಕ್ಕ ಮಾಡಿಸ್ತಾರಲ್ಲೋ" ಅನ್ನೋದು ಅವಳ ಗೋಳು. ಮನಶ್ಶಾಸ್ತ್ರಕ್ಕೆ ಸೇರಿದ ಅರ್ಧಕ್ಕರ್ಧ ಜನರ ಗೋಳು ಇದೇ ಇರಬೇಕು.

ಮಗ್ಗಿ ಕಲಿಸಿದವಳಿಗೆ ಪಾಠ

ನನಗೆ ಹತ್ತೊಂಬತ್ತರ ಮಗ್ಗಿ ಬಾಯಿಪಾಠ ಮಾಡಿಸಿದವಳು ಅಕ್ಕ. ಈಗ ನಾನು ಅವಳಿಗೆ ಪಾಠ ಹೇಳಬೇಕು ಅಂದಾಗ ಒಳಗೊಳಗೇ ಸ್ವಲ್ಪ ಜಂಬ ಬಂದಿದ್ದು ಸುಳ್ಳಲ್ಲ. ಮೊದಲ ಶನಿವಾರವೇ ಲ್ಯಾಪ್‌ಟಾಪ್ ಹಿಡಿದು ಹಾಸನಕ್ಕೆ ಹೋದೆ. ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದು, ಒಂದು ಗುಂಡಿ ಒತ್ತಿ, "ನೋಡು, ಉತ್ತರ ಬಂತು" ಅಂದೆ.

"ಉತ್ತರ ಬಂತು ಸರಿ. ಪ್ರಶ್ನೆ ಏನಿತ್ತು?" ಅಂದಳು.

ಸರಾಸರಿಯಿಂದ ಶುರು ಮಾಡಿದೆವು. ಅದು ಗೊತ್ತಿತ್ತು. ಸ್ಟ್ಯಾಂಡರ್ಡ್ ಡೀವಿಯೇಷನ್ ಅನ್ನುವ ಕಡೆ ಸಿಕ್ಕಿಹಾಕಿಕೊಂಡಳು. ನಾನು ವರ್ಗಮೂಲದ ಸೂತ್ರ ಬರೆಯುತ್ತಿದ್ದರೆ, ಪೇಪರ್ ಓದುತ್ತಿದ್ದ ಭಾವ ಅಲ್ಲಿಂದಲೇ ಒಂದು ಮಾತು ಹೇಳಿದರು. "ನಮ್ಮೂರಿಗೆ ಬರೋ ಎರಡು ಬಸ್ಸೂ ಸರಾಸರಿ ಹತ್ತು ನಿಮಿಷ ಲೇಟು. ಒಂದು ಯಾವಾಗಲೂ ಎಂಟರಿಂದ ಹನ್ನೆರಡು ನಿಮಿಷ ಲೇಟು. ಇನ್ನೊಂದು ಒಂದು ದಿನ ಟೈಮಿಗೆ ಸರಿಯಾಗಿ ಬರುತ್ತೆ, ಒಂದು ದಿನ ನಲವತ್ತು ನಿಮಿಷ ಕಾಯಿಸುತ್ತೆ. ಯಾವ ಬಸ್ಸು ನಂಬಿಕೊಂಡು ಹೋಗ್ತೀಯ?" ಅಷ್ಟೇ. ಸರಾಸರಿ ಒಂದೇ, ಚದುರುವಿಕೆ ಬೇರೆ. ಆ ಚದುರುವಿಕೆಯ ಅಳತೆಯೇ ಸ್ಟ್ಯಾಂಡರ್ಡ್ ಡೀವಿಯೇಷನ್. ಭಾವ ಪಿಯುಸಿ ಓದಿದವರು.

ಅಲ್ಲಿಂದ ಟಿ-ಟೆಸ್ಟ್‌ಗೆ ದಾರಿ ಸಲೀಸಾಯಿತು. ಎರಡು ಗುಂಪಿನ ಸರಾಸರಿಗಳ ನಡುವೆ ಎಷ್ಟು ಅಂತರ ಇದೆ ಅನ್ನುವುದನ್ನು, ಬರೀ ಆಕಸ್ಮಿಕವಾಗಿ ಎಷ್ಟು ಏರುಪೇರಾಗಬಹುದು ಅನ್ನುವುದರ ಪಕ್ಕ ಇಟ್ಟು ನೋಡುವುದು. ಇದನ್ನು ಕಂಡುಹಿಡಿದ ವಿಲಿಯಂ ಗಾಸೆಟ್ ಗಣಿತದ ಪ್ರೊಫೆಸರ್ ಅಲ್ಲ, ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ. ಬಾರ್ಲಿಯ ನಾಲ್ಕೈದು ಸ್ಯಾಂಪಲ್ ನೋಡಿ ಒಂದು ತೀರ್ಮಾನಕ್ಕೆ ಬರೋದು ಹೇಗೆ ಅನ್ನೋದು ಅವನ ತಲೆನೋವು. 1908ರಲ್ಲಿ 'ಸ್ಟೂಡೆಂಟ್' ಅನ್ನೋ ಹೆಸರಿನಲ್ಲಿ ಲೇಖನ ಪ್ರಕಟಿಸಿದ. ಇವತ್ತಿಗೂ ಅದು 'ಸ್ಟೂಡೆಂಟ್ಸ್ ಟಿ'. ಇದನ್ನು ಹೇಳಿದಾಗ ಅಕ್ಕ ನಕ್ಕಳು. "ನಾನು ಇದು ಸ್ಟೂಡೆಂಟ್‌ಗಳಿಗೆ ಕೊಡೋ ಶಿಕ್ಷೆ ಅಂದ್ಕೊಂಡಿದ್ದೆ."

ಮುಂದಿನ ಪ್ರಶ್ನೆಗೆ ನಾನೇ ಬಿದ್ದೆ.

"ಪಿ-ವ್ಯಾಲ್ಯೂ ಅಂದ್ರೆ ಏನೋ?"

"ಪಿ 0.05ಕ್ಕಿಂತ ಕಡಿಮೆ ಬಂದ್ರೆ ನಿನ್ನ ಊಹೆ ಸರಿ ಇರೋ ಸಾಧ್ಯತೆ 95 ಪರ್ಸೆಂಟ್ ಅಂತ" ಅಂದೆ, ಯೋಚನೆ ಕೂಡ ಮಾಡದೆ.

ಮಾರನೇ ದಿನ ಬೆಳಿಗ್ಗೆ ದೋಸೆ ಹುಯ್ಯುತ್ತಾ ಅಂದಳು, "ನೀನು ನಿನ್ನೆ ಹೇಳಿದ್ದು ತಪ್ಪು ಕಣೋ. ಪುಸ್ತಕದಲ್ಲಿ ಹಾಗಿಲ್ಲ."

ನೋಡಿದರೆ ನಿಜಕ್ಕೂ ತಪ್ಪು. ನಾನು ಎಂಟು ವರ್ಷದಿಂದ ತಪ್ಪನ್ನೇ ಸರಿ ಅಂತ ನಂಬಿಕೊಂಡಿದ್ದೆ. ಪಿ-ವ್ಯಾಲ್ಯೂ ನಮ್ಮ ಊಹೆ ಸರಿಯೋ ತಪ್ಪೋ ಹೇಳುವುದಿಲ್ಲ. ಅದು ಹೇಳುವುದು ಇಷ್ಟೇ: ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲ ಅಂತ ಇಟ್ಟುಕೊಂಡರೆ, ಬರೀ ಅದೃಷ್ಟದಿಂದ ಇಷ್ಟು ದೊಡ್ಡ ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣಿಸುವ ಸಾಧ್ಯತೆ ಎಷ್ಟು? ಓದಿದರೆ ಅರ್ಥವಾಗುತ್ತದೆ, ಪುಸ್ತಕ ಮುಚ್ಚಿದರೆ ಜಾರಿಹೋಗುತ್ತದೆ. ಅದನ್ನು ತಲೆಯಲ್ಲಿ ನಿಲ್ಲಿಸಿದವಳು ಅಮ್ಮ.

ಎಂಟು ಲೋಟ

ಅಮ್ಮನ ಪ್ರಕಾರ ಲೋಟಕ್ಕೆ ಮೊದಲು ಡಿಕಾಕ್ಷನ್ ಹಾಕಿ ಮೇಲೆ ಹಾಲು ಹುಯ್ದರೆ ಮಾತ್ರ ಕಾಫಿ. ಹಾಲಿಗೆ ಡಿಕಾಕ್ಷನ್ ಹಾಕಿದರೆ ಅದು "ಹೋಟ್ಲು ನೀರು". ಒಂದು ಗುಟುಕಿಗೆ ಗೊತ್ತಾಗುತ್ತೆ ಅನ್ನುವುದು ಅವಳ ಮೂವತ್ತು ವರ್ಷದ ವಾದ.

ಇಂಥದ್ದೇ ವಾದ ಸಂಖ್ಯಾಶಾಸ್ತ್ರದ ಚರಿತ್ರೆಯಲ್ಲೂ ಇದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಅನ್ನೋ ವಿಜ್ಞಾನಿ, ಕಪ್ಪಿಗೆ ಹಾಲು ಮೊದಲು ಹಾಕಿದ್ದೋ ಟೀ ಮೊದಲು ಹಾಕಿದ್ದೋ ಅಂತ ರುಚಿ ನೋಡಿಯೇ ಹೇಳಬಲ್ಲೆ ಅಂದರಂತೆ. ಅಲ್ಲಿದ್ದ ರೊನಾಲ್ಡ್ ಫಿಶರ್ ಇದನ್ನೇ ಇಟ್ಟುಕೊಂಡು, ಪ್ರಯೋಗ ಮಾಡೋದು ಹೇಗೆ ಅಂತ 1935ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಬರೆದ. ಎಂಟು ಕಪ್ಪು, ನಾಲ್ಕು ಒಂದು ಥರ, ನಾಲ್ಕು ಇನ್ನೊಂದು ಥರ.

ಭಾನುವಾರ ನಾವೂ ಮಾಡಿದೆವು. ಅಕ್ಕನ ಮಗ ಎಂಟನೇ ಕ್ಲಾಸು. ಅವನು ಅಡುಗೆಮನೆಯಲ್ಲಿ ಚೀಟಿ ಎತ್ತಿ, ಬಂದ ಕ್ರಮದಲ್ಲಿ ಎಂಟು ಸಣ್ಣ ಸ್ಟೀಲ್ ಲೋಟಕ್ಕೆ ಕಾಫಿ ಬೆರೆಸಿದ. ಲೋಟದ ತಳದಲ್ಲಿ ನಂಬರು. ಅಮ್ಮ ಹಾಲ್‌ನಲ್ಲಿ ಕೂತು ಒಂದೊಂದೇ ಗುಟುಕು ನೋಡಿ, ನಡುವೆ ನೀರು ಕುಡಿದು, ನಾಲ್ಕು ಲೋಟ ಎಡಕ್ಕೆ, ನಾಲ್ಕು ಬಲಕ್ಕೆ ಇಟ್ಟಳು. ತಿರುಗಿಸಿ ನೋಡಿದೆವು. "ಸರಿಯಾದ ಕಾಫಿ" ಅಂದ ನಾಲ್ಕರಲ್ಲಿ ಮೂರು ಸರಿ, ಒಂದು ತಪ್ಪು. ಆ ಕಡೆಯ ನಾಲ್ಕರಲ್ಲೂ ಒಂದು ತಪ್ಪು. ಒಟ್ಟು ಎಂಟಕ್ಕೆ ಆರು.

"ನೋಡಿದ್ರಾ!" ಅಂದಳು ಅಮ್ಮ.

ಅಕ್ಕ ಪೆನ್ನು ಹಿಡಿದಳು. ಎಂಟರಲ್ಲಿ ನಾಲ್ಕು ಲೋಟ ಆರಿಸಲು 70 ದಾರಿ ಇವೆ. ಅದರಲ್ಲಿ ನಾಲ್ಕಕ್ಕೆ ನಾಲ್ಕೂ ಸರಿಯಾಗೋದು ಒಂದೇ ಒಂದು ದಾರಿ. ಮೂರು ಸರಿ, ಒಂದು ತಪ್ಪು ಆಗೋದು 16 ದಾರಿ. ಅಂದರೆ ನಾಲಿಗೆಗೆ ಏನೂ ಗೊತ್ತಾಗದವರು ಕಣ್ಣು ಮುಚ್ಚಿ ಆರಿಸಿದರೂ, ಅಮ್ಮನಷ್ಟು ಅಥವಾ ಅಮ್ಮನಿಗಿಂತ ಚೆನ್ನಾಗಿ ಹೇಳುವ ಸಾಧ್ಯತೆ 70ರಲ್ಲಿ 17. ಶೇಕಡಾ 24.

"ಇದೇ ಪಿ-ವ್ಯಾಲ್ಯೂ!" ಅಂತ ಅಕ್ಕ ಕೂಗಿದಳು. "0.24. ಅಮ್ಮ, ನಿನ್ನದು ಸಿಗ್ನಿಫಿಕೆಂಟ್ ಅಲ್ಲ."

ಅಮ್ಮ ಲೋಟ ಎತ್ತಿಕೊಂಡು ಎದ್ದಳು. "ಹಂಗಂದ್ರೆ ನನಗೆ ರುಚಿ ಗೊತ್ತಾಗಲ್ಲ ಅಂತಾನಾ? ಎಂಟೇ ಲೋಟ ಕೊಟ್ಟು ಪರೀಕ್ಷೆ ಮಾಡಿದ್ದು ನಿಮ್ಮ ತಪ್ಪು."

ಅವತ್ತು ನಕ್ಕೆವು. ಆದರೆ ಸಂಖ್ಯಾಶಾಸ್ತ್ರದ ಅರ್ಧ ಪುಸ್ತಕ ಆ ಮಾತಿನಲ್ಲಿತ್ತು ಅಂತ ನಮಗೆ ತಿಳಿದದ್ದು ಆರು ತಿಂಗಳಾದ ಮೇಲೆ.

ತಿರುಗಿಸಿ ಕೇಳಿದ ಪ್ರಶ್ನೆಗಳು

ಅಕ್ಕನ ವಿಷಯ ಪರೀಕ್ಷೆಯ ಭಯ. ಪಿಯು ವಿದ್ಯಾರ್ಥಿಗಳು 52 ಜನ. ಪೋಷಕರ ಒಪ್ಪಿಗೆ ಪತ್ರ ತಗೊಂಡು, ಚೀಟಿ ಎತ್ತಿ ಇಬ್ಭಾಗ ಮಾಡಿ, 26 ಮಕ್ಕಳಿಗೆ ನಾಲ್ಕು ವಾರ ದಿನಕ್ಕೆ ಹತ್ತು ನಿಮಿಷ ನಿಧಾನ ಉಸಿರಾಟದ ಅಭ್ಯಾಸ. ಉಳಿದ 26 ಮಕ್ಕಳು ಎಂದಿನಂತೆ. ಮೊದಲೂ ಕೊನೆಗೂ ಇಪ್ಪತ್ತು ಹೇಳಿಕೆಗಳ ಪ್ರಶ್ನಾವಳಿ. ಒಂದೊಂದಕ್ಕೂ 1ರಿಂದ 4ರವರೆಗೆ ಅಂಕ, ಅಂದರೆ ಒಟ್ಟು 20ರಿಂದ 80. ಜಾಸ್ತಿ ಅಂಕ ಬಂದರೆ ಜಾಸ್ತಿ ಭಯ.

ಉತ್ತರಗಳನ್ನು ಎಕ್ಸೆಲ್‌ಗೆ ಹಾಕಿ ನನಗೆ ಕಳಿಸಿದಳು. ಸಂಶೋಧಕರು ಮೊದಲು ನೋಡುವುದು ಕ್ರೋನ್‌ಬ್ಯಾಕ್ ಆಲ್ಫಾ. ಪ್ರಶ್ನಾವಳಿಯ ಹೇಳಿಕೆಗಳೆಲ್ಲ ಒಂದೇ ಕಡೆಗೆ ಎಳೆಯುತ್ತಿವೆಯಾ ಅಂತ ತಿಳಿಸುವ ಅಳತೆ ಅದು. 0.7ರ ಮೇಲಿದ್ದರೆ ಸಾಮಾನ್ಯವಾಗಿ ಪರವಾಗಿಲ್ಲ ಅನ್ನುತ್ತಾರೆ. ನಮಗೆ ಬಂದದ್ದು 0.43. ನಾನು ಕೋಡ್ ಹುಡುಕಿದೆ, ಖಾಲಿ ಮನೆಗಳನ್ನು ಹುಡುಕಿದೆ, ಎರಡು ರಾತ್ರಿ ಹೋಯಿತು. ಎಲ್ಲೂ ತಪ್ಪಿಲ್ಲ.

ಅಕ್ಕನಿಗೆ ಫೋನ್ ಮಾಡಿದರೆ ಎರಡೇ ನಿಮಿಷದಲ್ಲಿ ಹಿಡಿದಳು. "ಆರನೇ ಹೇಳಿಕೆ ಓದು. 'ಪರೀಕ್ಷೆ ಹಾಲ್‌ನಲ್ಲಿ ಕೂತಾಗ ನನಗೆ ಧೈರ್ಯವಾಗಿರುತ್ತದೆ.' ಇದಕ್ಕೆ 4 ಕೊಟ್ಟ ಮಗುಗೆ ಭಯ ಕಡಿಮೆ ಅಲ್ವೇನೋ? ಅಂಥವು ಐದಿವೆ. ತಿರುಗಿಸಬೇಕು. 4 ಇದ್ದದ್ದು 1, 3 ಇದ್ದದ್ದು 2."

ತಿರುಗಿಸಿದೆ. ಆಲ್ಫಾ 0.81 ಆಯಿತು. ನಾನು ಅಷ್ಟು ಹೊತ್ತೂ ನೋಡಿದ್ದು ಕಾಲಂಗಳನ್ನು, ಹೇಳಿಕೆಗಳನ್ನು ಒಂದು ಸಲವೂ ಓದಿರಲಿಲ್ಲ. ನಾಚಿಕೆಯಾಯಿತು, ಆದರೆ ಪಾಠ ಪೂರ್ತಿ ತಲೆಗೆ ಹೋಗಲಿಲ್ಲ. ಅದಕ್ಕೆ ಇನ್ನೊಂದು ಪೆಟ್ಟು ಬೇಕಿತ್ತು.

0.13

ಮಾರ್ಚ್‌ನಲ್ಲಿ ಕೊನೆಯ ಲೆಕ್ಕ. ಉಸಿರಾಟದ ಗುಂಪಿನಲ್ಲಿ ಭಯದ ಅಂಕ ಸರಾಸರಿ 5.2 ಇಳಿದಿತ್ತು. ಇನ್ನೊಂದು ಗುಂಪಿನಲ್ಲಿ 2.4. ಅಂತರ 2.8. ಎರಡೂ ಗುಂಪಿನಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ ಹೆಚ್ಚು ಕಡಿಮೆ 6.5. ಟಿ 1.55. ಪಿ 0.13.

0.05ರ ಗೆರೆ ದಾಟಲಿಲ್ಲ.

ಅಕ್ಕ ತುಂಬಾ ಹೊತ್ತು ಮಾತಾಡಲಿಲ್ಲ. ಆ ಮಕ್ಕಳ ಜೊತೆ ನಾಲ್ಕು ವಾರ ಬೆಳಿಗ್ಗೆ ಎಂಟಕ್ಕೆ ಹೋಗಿ ಕೂತಿದ್ದಳು, ಮನೆಯಲ್ಲಿ ಐದಕ್ಕೇ ಎದ್ದು ಅಡುಗೆ ಮುಗಿಸಿಟ್ಟು. "ಸಿಗ್ನಿಫಿಕೆಂಟ್ ಬರಲಿಲ್ಲ ಅಂದ್ರೆ ಎಕ್ಸ್‌ಟರ್ನಲ್ ಎದುರು ಕಷ್ಟ ಆಗುತ್ತಮ್ಮ, ಸ್ವಲ್ಪ ಹೊಂದಿಸಿ ನೋಡು" ಅಂತ ಹಿರಿಯರೊಬ್ಬರು ಬೇರೆ ಹೇಳಿದ್ದರು. ಜೂನ್ ಹತ್ತಿರ ಬರುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಅವತ್ತು ರಾತ್ರಿ ಕೂತು ಒಂದು ಸಣ್ಣ ಪ್ರೋಗ್ರಾಂ ಬರೆದೆ. ಬರೀ ಹುಡುಗಿಯರು, ಬರೀ ಹುಡುಗರು, ವಿಜ್ಞಾನ, ವಾಣಿಜ್ಯ, ಮೊದಲ ಪಿಯು, ಎರಡನೇ ಪಿಯು, ಪ್ರಶ್ನಾವಳಿಯ ಒಂದೊಂದು ಭಾಗ ಬೇರೆ ಬೇರೆಯಾಗಿ, ತೀರಾ ವಿಚಿತ್ರವಾಗಿ ಕಾಣುವವರನ್ನು ಬಿಟ್ಟು, ಬಿಡದೆ. ಹೀಗೆ ನಲವತ್ತಕ್ಕೂ ಹೆಚ್ಚು ಥರ ಲೆಕ್ಕ ಹಾಕಿಸಿದೆ. ಕಂಪ್ಯೂಟರಿಗೆ ಅದು ಒಂದು ಸೆಕೆಂಡಿನ ಕೆಲಸ. ಒಂದು ಕಡೆ ಸಿಕ್ಕಿತು: ಹುಡುಗಿಯರು ಮಾತ್ರ, ಎಸ್-17 ಮತ್ತು ಎಸ್-40 ಇಬ್ಬರನ್ನು ಬಿಟ್ಟರೆ ಪಿ 0.03.

ರಾತ್ರಿ ಒಂದೂವರೆಗೆ ಮೆಸೇಜ್ ಹಾಕಿದೆ. "ಅಕ್ಕ, ಸಿಕ್ತು!"

ಎಸ್-17

ಬೆಳಿಗ್ಗೆ ಅಕ್ಕನ ಫೋನ್ ಬಂತು. ಖುಷಿಯ ದನಿ ಅಲ್ಲ.

"ಎಸ್-17 ಯಾಕೆ ತೆಗೆದೆ?"

"ಔಟ್‌ಲೈಯರ್ ಅಕ್ಕ. ಎಲ್ಲರದ್ದೂ ಇಳೀತಿದ್ದರೆ ಅವಳದ್ದು ಹನ್ನೊಂದು ಏರಿದೆ."

"ಏರದೆ ಏನು ಮಾಡುತ್ತೆ? ಆ ತಿಂಗಳು ಅವಳ ಅಪ್ಪನಿಗೆ ಆಪರೇಷನ್ ಆಗಿತ್ತು. ಆಸ್ಪತ್ರೆಯಿಂದ ಸೀದಾ ಬರ್ತಿದ್ದಳು. ಹೆಸರು ಹೇಳಲ್ಲ, ಹೇಳಬಾರದು. ಆದರೆ 52 ಮಕ್ಕಳಲ್ಲಿ ಒಂದು ದಿನ ಕೂಡ ತಪ್ಪಿಸದೆ ಬಂದವಳು ಅವಳೊಬ್ಬಳೇ ಕಣೋ. ಬಾರದೇ ಇದ್ದವರನ್ನೆಲ್ಲ ಇಟ್ಟುಕೊಂಡು ಅವಳನ್ನ ತೆಗೆಯೋದಾ? ಉಸಿರಾಟದಿಂದ ಅವಳ ಭಯ ಹೋಗಲಿಲ್ಲ ಅನ್ನೋದೂ ಒಂದು ಉತ್ತರ ಅಲ್ವಾ?"

ನನ್ನ ಹತ್ತಿರ ಮಾತಿರಲಿಲ್ಲ. ನನಗೆ ಅವಳು ಹದಿನೇಳನೇ ಸಾಲು, ಅಷ್ಟೇ.

ಆದರೂ ಎಂಜಿನಿಯರ್ ಬುದ್ಧಿ, ಸುಮ್ಮನೆ ಒಪ್ಪಲಿಲ್ಲ. ಪರೀಕ್ಷೆ ಮಾಡಿ ನೋಡೋಣ ಅಂತ ಅದೇ ಪ್ರೋಗ್ರಾಂ ತೆಗೆದುಕೊಂಡೆ. 52 ಮಕ್ಕಳ ಅಂಕ ಹಾಗೇ ಇಟ್ಟು, ಯಾರು ಯಾವ ಗುಂಪು ಅನ್ನೋದನ್ನು ಮಾತ್ರ ಇಸ್ಪೀಟ್ ಎಲೆ ಕಲೆಸಿದ ಹಾಗೆ ಕಲೆಸಿದೆ. ಈಗ ಗುಂಪಿಗೂ ಅಂಕಕ್ಕೂ ಸಂಬಂಧವೇ ಇಲ್ಲ, ಎಲ್ಲ ಬರೀ ಅದೃಷ್ಟ. ಹತ್ತು ಸಾವಿರ ಸಲ ಕಲೆಸಿ, ಅಕ್ಕನ ಮೂಲ ಲೆಕ್ಕ ಒಂದನ್ನೇ ಮಾಡಿದೆ. 2.8 ಅಥವಾ ಅದಕ್ಕಿಂತ ದೊಡ್ಡ ಅಂತರ, ಯಾವ ಕಡೆಗಾದರೂ ಸರಿ, ಸುಮಾರು 1,300 ಸಲ ಬಂತು. ಅದೇ 0.13. ಟಿ-ಟೆಸ್ಟ್ ಸೂತ್ರ ಹೇಳಿದ್ದನ್ನೇ ಬರೀ ಕಲೆಸಿ ಎಣಿಸಿದರೂ ಹೇಳುತ್ತದೆ ಅಂತ ಅವತ್ತು ಕಣ್ಣಾರೆ ಕಂಡೆ.

ಆಮೇಲೆ ನೂರು ಸಲ ಕಲೆಸಿ, ಪ್ರತಿ ಸಲವೂ ನನ್ನ ನಲವತ್ತು ಚಿಲ್ಲರೆ ಲೆಕ್ಕ ಅಷ್ಟನ್ನೂ ಮಾಡಿಸಿದೆ. ಏನೇನೂ ಇಲ್ಲದ ಆ ಡೇಟಾದಲ್ಲಿ, ನೂರರಲ್ಲಿ 58 ಸಲ, ಎಲ್ಲಾದರೂ ಒಂದು ಕಡೆ 0.05ಕ್ಕಿಂತ ಕಡಿಮೆ ಸಿಕ್ಕಿತು.

ಅಂದರೆ ಹಿಂದಿನ ರಾತ್ರಿ ನನಗೆ "ಸಿಕ್ಕಿದ್ದು" ನಿಜವೇ ಆಗಿರಬೇಕಾಗಿಲ್ಲ. ಹುಡುಕಿದರೆ ಸಿಕ್ಕೇ ಸಿಗುತ್ತದೆ. ಒಂದಕ್ಕೊಂದು ಸಂಬಂಧ ಇಲ್ಲದ ಇಪ್ಪತ್ತು ಪರೀಕ್ಷೆ ಮಾಡಿದರೆ, ಎಲ್ಲೂ ಏನೂ ಇಲ್ಲದಿದ್ದರೂ ಒಂದಾದರೂ "ಸಿಗ್ನಿಫಿಕೆಂಟ್" ಬರುವ ಸಾಧ್ಯತೆ ಶೇಕಡಾ 64.

ಇದು ನಮ್ಮ ಮನೆ ಕಥೆ ಮಾತ್ರ ಅಲ್ಲ. 2011ರಲ್ಲಿ ಸಿಮನ್ಸ್, ನೆಲ್ಸನ್, ಸೈಮನ್‌ಸನ್ ಅನ್ನೋ ಮೂವರು ಸಂಶೋಧಕರು ಇದೇ ಥರ "ಹೊಂದಿಸಿ", ಬೀಟಲ್ಸ್‌ನವರ ಒಂದು ಹಾಡು ಕೇಳಿದವರ ವಯಸ್ಸು ಸುಮಾರು ಒಂದೂವರೆ ವರ್ಷ ಕಡಿಮೆಯಾಯಿತು ಅಂತ ಬೇಕಂತಲೇ ಸಾಧಿಸಿ ತೋರಿಸಿದರು. ತಮಾಷೆಗಲ್ಲ, ಎಚ್ಚರಿಸಲಿಕ್ಕೆ. 2015ರಲ್ಲಿ ಮನಶ್ಶಾಸ್ತ್ರದ ನೂರು ಪ್ರಕಟಿತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದ ವರದಿ ಬಂತು. ಮೂಲದಲ್ಲಿ ಶೇಕಡಾ 97 "ಸಿಗ್ನಿಫಿಕೆಂಟ್" ಇದ್ದವು. ಮತ್ತೆ ಮಾಡಿದಾಗ ಶೇಕಡಾ 36 ಮಾತ್ರ. ಅವರೆಲ್ಲ ಮೋಸಗಾರರು ಅಂತ ಅಲ್ಲ. ಸಣ್ಣ ಸ್ಯಾಂಪಲ್ ಇತ್ತು, ಗೆರೆ ದಾಟಿದ್ದನ್ನು ಮಾತ್ರ ಪ್ರಕಟಿಸುವ ಅಭ್ಯಾಸವೂ ಇತ್ತು. ನನ್ನ ಹಾಗೆ ಪ್ರೀತಿಯಿಂದ "ಇನ್ನೊಂದು ಸಲ ನೋಡೋಣ" ಅಂದವರೂ ಇದ್ದಿರಬೇಕು.

ಅಕ್ಕ ಸಿನಾಪ್ಸಿಸ್ ತೆಗೆದು ಮುಂದಿಟ್ಟಳು. ಡೇಟಾ ಬರುವ ಮೊದಲೇ ಅವಳೇ ಬರೆದಿದ್ದಳು: ಎರಡೂ ಗುಂಪಿನ ಇಳಿಕೆಯನ್ನು ಹೋಲಿಸುತ್ತೇನೆ. ಹುಡುಗಿಯರು ಮಾತ್ರ ಅಂತ ಎಲ್ಲೂ ಇರಲಿಲ್ಲ.

"ಇದನ್ನೇ ಬರೀತೀನಿ" ಅಂದಳು. "ಆಮೇಲೆ ನಲವತ್ತು ಥರ ನೋಡಿದೆವು, ಒಂದು ಕಡೆ 0.03 ಬಂತು, ಅದನ್ನ ನಂಬಬೇಡಿ ಅಂತಲೂ ಬರೀತೀನಿ. ನೋಡಿದ್ದನ್ನ ನೋಡಿಲ್ಲ ಅನ್ನೋಕಾಗಲ್ಲ."

"ಶಾಲೆ ಕೆಲಸ?"

"ನಾಳೆ ಇಂಥ ಮಕ್ಕಳೇ ನನ್ನ ಮುಂದೆ ಬಂದು ಕೂರ್ತಾರೆ. ಇದರಿಂದ ನಿಮ್ಮ ಭಯ ಹೋಗುತ್ತೆ ಅಂತ ಅವರಿಗೆ ಸುಳ್ಳು ಹೇಳಲಾ?"

ವೈವಾ

ಮೇ ತಿಂಗಳ ವೈವಾಗೆ ನಾನು ರಜೆ ಹಾಕಿ ಹೋಗಿದ್ದೆ. ಹೊರಗಡೆ ಬೆಂಚಿನ ಮೇಲೆ ಭಾವ, ನಾನು. ಒಳಗೆ ನಲವತ್ತು ನಿಮಿಷ. ಆಮೇಲೆ ಅಕ್ಕನೇ ಹೇಳಿದ್ದನ್ನು ಬರೆಯುತ್ತಿದ್ದೇನೆ.

ಎಕ್ಸ್‌ಟರ್ನಲ್ ಕೇಳಿದ್ದು, "ಪಿ 0.13. ಹಾಗಾದರೆ ಉಸಿರಾಟದಿಂದ ಪ್ರಯೋಜನ ಇಲ್ಲ ಅಂತ ತೀರ್ಮಾನವಾ?"

ಅಕ್ಕ ಅಮ್ಮನ ಎಂಟು ಲೋಟದ ಕಥೆ ಹೇಳಿದಳಂತೆ. ರುಚಿ ಗೊತ್ತಾಗುತ್ತೆ ಅಂತ ಸಾಬೀತಾಗಲಿಲ್ಲ, ಗೊತ್ತಾಗಲ್ಲ ಅಂತಲೂ ಸಾಬೀತಾಗಲಿಲ್ಲ. ಲೋಟ ಸಾಲಲಿಲ್ಲ. ಆಮೇಲೆ ಅಂಕಿ ಕೊಟ್ಟಳು. ಅಂತರ 2.8 ಇದ್ದರೂ ಅದರ 95 ಪರ್ಸೆಂಟ್ ಕಾನ್ಫಿಡೆನ್ಸ್ ಇಂಟರ್ವಲ್ ಮೈನಸ್ 0.8ರಿಂದ 6.4ರವರೆಗೆ. ಏನೂ ಪ್ರಯೋಜನ ಇಲ್ಲ ಅನ್ನೋದೂ ಅದರೊಳಗೇ ಇದೆ, ಒಳ್ಳೇ ಪ್ರಯೋಜನ ಇದೆ ಅನ್ನೋದೂ ಅದರೊಳಗೇ ಇದೆ. ಮಧ್ಯಮ ಗಾತ್ರದ ಪರಿಣಾಮವನ್ನು ಹಿಡಿಯಬೇಕಾದರೆ, ಶೇಕಡಾ 80 ಭರವಸೆಗೆ, ಒಂದೊಂದು ಗುಂಪಿಗೂ 64 ಮಕ್ಕಳು ಬೇಕಿತ್ತು. ಅವಳ ಹತ್ತಿರ ಇದ್ದದ್ದು 26.

"ಇದನ್ನು ಮೊದಲೇ ಲೆಕ್ಕ ಹಾಕಬೇಕಿತ್ತಲ್ಲಮ್ಮ" ಅಂದರಂತೆ.

"ಹೌದು ಸರ್. ಅದು ನನ್ನ ತಪ್ಪು. ಕೊನೆಯ ಅಧ್ಯಾಯದಲ್ಲಿ ಬರೆದಿದ್ದೇನೆ."

ಆ ತಪ್ಪಿಗೆ ಅಂಕ ಕಡಿತವಾಯಿತು. ಡಿಸ್ಟಿಂಕ್ಷನ್ ಬರಲಿಲ್ಲ, ಫಸ್ಟ್ ಕ್ಲಾಸ್ ಬಂತು. ಜೂನ್‌ನಲ್ಲಿ ಅಕ್ಕ ಶಾಲೆಗೆ ಸೇರಿದಳು. ಅಲ್ಲೂ ಉಸಿರಾಟದ ಅಭ್ಯಾಸ ಮಾಡಿಸುತ್ತಾಳೆ. "ಕೆಲವರಿಗೆ ಅನುಕೂಲ ಆಗಬಹುದು, ಖಂಡಿತ ಆಗುತ್ತೆ ಅಂತ ಹೇಳಲ್ಲ, ಮಾಡಿ ನೋಡೋಣ" ಅನ್ನುತ್ತಾಳಂತೆ.

ಕಲಿಯೋರಿಗೆ ಒಂದಿಷ್ಟು ಮಾತು

ಅಕ್ಕನ ಹಾಗೆ ವರ್ಷಗಳಾದ ಮೇಲೆ ಓದಿಗೆ ಮರಳಿದವರು, ಲೆಕ್ಕಕ್ಕೆ ಹೆದರಿ ಮನಶ್ಶಾಸ್ತ್ರವನ್ನೇ ಬಿಡಬೇಕು ಅಂದುಕೊಂಡವರು ನಿಮ್ಮಲ್ಲೂ ಇರಬಹುದು. ನಾವಿಬ್ಬರೂ ಎಡವಿ ಕಲಿತದ್ದನ್ನು ಹೇಳುತ್ತೇನೆ.

ಸಾಫ್ಟ್‌ವೇರ್‌ಗೆ ದುಡ್ಡು ಹಾಕುವ ಮೊದಲು ಉಚಿತವಾಗಿ ಸಿಗುವುದನ್ನು ನೋಡಿ. ಕಾಲೇಜುಗಳಲ್ಲಿ ಎಸ್‌ಪಿಎಸ್‌ಎಸ್ ಹೆಚ್ಚು ಕಾಣುತ್ತದೆ, ಅದಕ್ಕೆ ಲೈಸೆನ್ಸ್ ಬೇಕು. ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದವರು ಮಾಡಿರುವ ಜಾಸ್ಪ್ ಉಚಿತ. ಕೋಡ್ ಬರೆಯುವ ಹಾಗಿಲ್ಲ, ಮೆನು ಒತ್ತಿದರೆ ಸಾಕು. ಅಕ್ಕ ಕೊನೆಗೆ ಬಳಸಿದ್ದು ಅದನ್ನೇ, ನನ್ನ ಪೈಥಾನ್ ಅಲ್ಲ. ಎಷ್ಟು ಜನ ಬೇಕು ಅಂತ ಮೊದಲೇ ಲೆಕ್ಕ ಹಾಕಲು ಜಿ-ಪವರ್ ಇದೆ, ಅದೂ ಉಚಿತ. ನಾವು ಅದನ್ನು ಕೊನೆಗೆ ತೆರೆದೆವು, ನೀವು ಮೊದಲು ತೆರೆಯಿರಿ.

ಡೇಟಾ ನೋಡುವ ಮೊದಲೇ ಯಾವ ಲೆಕ್ಕ ಮಾಡುತ್ತೀರಿ, ಯಾರನ್ನು ಯಾವ ಕಾರಣಕ್ಕೆ ಬಿಡುತ್ತೀರಿ ಅಂತ ತಾರೀಖು ಹಾಕಿ ಬರೆದಿಡಿ. ಅರ್ಧಕ್ಕಿಂತ ಕಡಿಮೆ ದಿನ ಬಂದವರನ್ನು ಬಿಡುತ್ತೇನೆ ಅಂತ ಮೊದಲೇ ಬರೆದಿದ್ದರೆ ಅದು ನಿಯಮ. ಉತ್ತರ ನೋಡಿದ ಮೇಲೆ ಬಿಟ್ಟರೆ ಅದು ಬೇರೇನೋ. ಪಿ ಒಂದನ್ನೇ ಬರೆಯಬೇಡಿ, ಅಂತರ ಎಷ್ಟು, ಅದು ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನೋದನ್ನೂ ಬರೆಯಿರಿ. ತಿರುಗಿಸಿ ಕೇಳಿದ ಹೇಳಿಕೆಗಳನ್ನು ಮರೆಯಬೇಡಿ. ಮನೆಯಲ್ಲಿ ಎಂಜಿನಿಯರ್ ಇದ್ದರೆ ಸಹಾಯ ತಗೊಳ್ಳಿ, ಆದರೆ ಪ್ರಶ್ನಾವಳಿಯನ್ನು ಮೊದಲು ಅವನ ಕೈಲಿ ಓದಿಸಿ.

ಇದು ನಮ್ಮದಲ್ಲದ ವಿದ್ಯೆ ಅಂತಲೂ ಅಂದುಕೊಳ್ಳಬೇಡಿ. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಕೈಕೆಳಗೆ ಓದಿ ಬಂದವರು. ನಿಮ್ಮ ಸಿಲಬಸ್ಸಿನಲ್ಲಿ ಬರುವ 'ಸ್ಪಿಯರ್‌ಮನ್ ರ್‍ಯಾಂಕ್ ಕೋರಿಲೇಷನ್' ಅದೇ ಸ್ಪಿಯರ್‌ಮನ್‌ದು. 'ಆಕಾಶವಾಣಿ' ಅನ್ನೋ ಹೆಸರಿನಲ್ಲಿ 1935ರಲ್ಲಿ ಮೈಸೂರಿನಲ್ಲಿ ರೇಡಿಯೊ ಕೇಂದ್ರ ತೆರೆದವರೂ ಇದೇ ಗೋಪಾಲಸ್ವಾಮಿ. ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಇದನ್ನು ಹೇಳಿದಾಗ ಅಕ್ಕನಿಗೆ ಎಷ್ಟೋ ಧೈರ್ಯ ಬಂದಿತ್ತು.

ಕೊನೆಗೆ ಅಮ್ಮನ ವಿಷಯ. ಎಂಟು ಲೋಟ ಸಾಲದು ಅಂತ ಪಂಡಿತರೇ ಒಪ್ಪಿದ್ದಾರೆ ಅಂತ ತಿಳಿದ ದಿನದಿಂದ ಅವಳು ಇನ್ನೊಂದು ಪರೀಕ್ಷೆಗೆ ಪಟ್ಟು ಹಿಡಿದಿದ್ದಾಳೆ. ಅಕ್ಕ ಲೆಕ್ಕ ಹಾಕಿದಳು. ಹನ್ನೆರಡು ಲೋಟ ಇಟ್ಟರೆ ಆರು ಆರಿಸಲು 924 ದಾರಿ. ಆರರಲ್ಲಿ ಒಂದು ತಪ್ಪಿ ಐದು ಸರಿ ಹೇಳಿದರೂ, ಬರೀ ಅದೃಷ್ಟಕ್ಕೆ ಅಷ್ಟು ಅಥವಾ ಇನ್ನೂ ಚೆನ್ನಾಗಿ ಹೇಳುವ ಸಾಧ್ಯತೆ 37 ದಾರಿ, ಶೇಕಡಾ 4. ಲೋಟ ಜಾಸ್ತಿ ಇದ್ದರೆ ಒಂದು ತಪ್ಪಿಗೂ ಜಾಗ ಇದೆ.

ಕ್ಯಾಲೆಂಡರ್ ಹಿಂದೆ ಅಕ್ಕ ನಿಯಮ ಬರೆದು ತಾರೀಖು ಹಾಕಿದ್ದಾಳೆ: ಹನ್ನೆರಡು ಲೋಟ, ಒಂದೇ ಸಲ, ಏನು ಬಂದರೂ ಎಲ್ಲರಿಗೂ ಹೇಳಬೇಕು. ಅಮ್ಮ ಅದರ ಕೆಳಗೆ ಸಹಿ ಹಾಕಿದ್ದಾಳೆ. ಪರೀಕ್ಷೆ ಈ ಭಾನುವಾರ. ನಾಲಿಗೆ ಕೆಡಬಾರದು ಅಂತ ಗುರುವಾರದಿಂದಲೇ ಉಪ್ಪಿನಕಾಯಿ ಬಿಟ್ಟಿದ್ದಾಳಂತೆ.